ಹಾಲಗಂಬಕ್ಕೆ ಸಿಮೆಂಟು

ಮೊನ್ನೆ ಸೋಮವಾರ ನಾನು ಸವಣೂರಿನಲ್ಲಿ, ನನ್ನ ಅಕ್ಕನ ಮನೆಯ ಅಂಗಳದಲ್ಲಿ, ಎರಡೂ ಕೈಯಿಂದ ಒಂದು ಕಂಬವನ್ನು ಅಪ್ಪಿಕೊಂಡು ನಿಂತಿದ್ದೆ. ಜಗ್ಗಿದೆ. ಕಂಬ ಅಲ್ಲಾಡಲಿಲ್ಲ, ನಾನು ಅಲ್ಲಾಡಿದೆ.

ಕಟ್ಟೆಯ ಮೇಲೆ ಹಿರೇಕೆರೂರಿನ ಬೀಗರು ಕುಳಿತು ಎಲೆಗೆ ಸುಣ್ಣ ಸವರುತ್ತ ನನ್ನನ್ನೇ ನೋಡುತ್ತಿದ್ದರು. ಒಳಗೆ ಅಕ್ಕನ ಮಗಳು ನೀಲವ್ವ, ವಾರದ ಹಿಂದಷ್ಟೇ ಮದುವೆಯಾದವಳು, ಹೊಸ ಸೀರೆಯುಟ್ಟು ಟ್ರಂಕಿನ ಮೇಲೆ ಕುಳಿತಿದ್ದಳು. ಹೊರಗೆ ಚಕ್ಕಡಿ ಹೂಡಿ ನಿಂತಿತ್ತು. ಈ ಕಂಬ ಕೀಳುವವರೆಗೆ ಆಕೆ ಗಂಡನ ಮನೆಗೆ ಹೊರಡುವಂತಿಲ್ಲ. ಕಂಬವೋ ಕಾಂಕ್ರೀಟಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಮದುವೆಯಲ್ಲಿ ಜನರ ತಲೆ ಕೆಡುವುದು ಅಡಿಗೆಗೆ, ಉಡುಗೊರೆಗೆ, ಬೀಗರ ಮುನಿಸಿಗೆ. ನನ್ನ ತಲೆ ಕೆಟ್ಟದ್ದು ಸಿಮೆಂಟಿಗೆ. ಮೊದಲಿನಿಂದಲೇ ಹೇಳಿಬಿಡುತ್ತೇನೆ. (ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.)

ನಮ್ಮ ಮನೆತನದಲ್ಲಿ ಮದುವೆಯ ಹಂದರ ಹಾಕುವ ಮೊದಲು ಹಾಲಗಂಬ ನೆಡಬೇಕು. ಬಸರಿಯದೋ ಅತ್ತಿಯದೋ ಹಸಿ ಟೊಂಗೆ, ಕಡಿದರೆ ಹಾಲು ಒಸರುವಂಥದು. ಅದನ್ನು ತರುವವನು ಹುಡುಗಿಯ ಸೋದರಮಾವ, ನೆಡುವವನೂ ಅವನೇ. ಮದುವೆ ಮುಗಿದ ಮೇಲೆ ಕಿತ್ತು ಒಯ್ದು ನೀರಿಗೆ ಬಿಡುವವನೂ ಅವನೇ. ಅಕ್ಕನಿಗೆ ಇರುವ ತಮ್ಮ ನಾನೊಬ್ಬ. ಹೀಗಾಗಿ ನಾನು ಮಾಸ್ತರಿಕೆ ಮಾಡುವ ಹಾನಗಲ್ಲಿನಲ್ಲಿ ನಾನೇ ನಿಂತು ಬಸರಿಯ ಟೊಂಗೆ ಕಡಿಸಿ, ಅರಿವೆ ಸುತ್ತಿ, ಬಸ್ಸಿನ ಮೇಲೆ ಹಾಕಿಸಿದೆ.

ಕಂಡಕ್ಟರ್ ಕೆಳಗಿನಿಂದಲೇ ಕೇಳಿದ: "ಕಂಬಕ್ಕ ಟಿಕೀಟ ತಗೋತೀರಿಲ್ರಿ ಮಾಸ್ತರ?"

"ಅದೇನ ಸೀಟಿನ ಮ್ಯಾಲ ಕುಂದ್ರತೈತೇನೋ ತಮ್ಮಾ?"

"ಮ್ಯಾಲ ಮಕ್ಕೊಂಡ್ರೂ ಜಾಗಾ ಹಿಡೀತೈತಲ್ರಿ."

ಟಿಕೆಟ್ ತೆಗೆದುಕೊಂಡೆ. ನನ್ನ ತಾಪತ್ರಯ ಅಲ್ಲಿಗೇ ಮುಗಿದಿದ್ದರೆ ನಾನು ಪುಣ್ಯವಂತ.

ಅಕ್ಕನ ಗಂಡ ಚನ್ನಬಸಪ್ಪ ಸಾವಕಾರರು ಮೆಣಸಿನಕಾಯಿ, ಅರಳೆ ವ್ಯಾಪಾರದವರು. ಅವರ ಬಾಯಲ್ಲಿ ಒಂದೇ ಮಾತು, ಪಕ್ಕಾ. ಲೆಕ್ಕ ಪಕ್ಕಾ, ತೂಕ ಪಕ್ಕಾ, ಕಡೆಗೆ ಅಂಗಳವೂ ಪಕ್ಕಾ. ಹೋದ ದೀಪಾವಳಿಗೆ ಹುಬ್ಬಳ್ಳಿಯಿಂದ ಗೌಂಡಿಯನ್ನು ಕರೆಸಿ, ಈ ಗೋಡೆಯಿಂದ ಆ ಗೋಡೆಯವರೆಗೆ ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸಿದ್ದರು. (ಲಡಾಯಿಯ ಕಾಲದಲ್ಲಿ ಅಷ್ಟು ಸಿಮೆಂಟು ಹೇಗೆ ಸಿಕ್ಕಿತು ಎಂದು ನನ್ನನ್ನು ಕೇಳಬೇಡಿ. ನಾನೂ ಕೇಳಿಲ್ಲ.) ಉಳಿದ ಸಿಮೆಂಟನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ದೇವರ ಕೋಣೆಯ ಪಕ್ಕದ ಖೋಲಿಯಲ್ಲಿ ಬೀಗ ಹಾಕಿ ಇಟ್ಟಿದ್ದರು.

ಊರ ಜನ ಅಂಗಳ ನೋಡಲು ಬಂದರಂತೆ. ಬಂದವರು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಬೇಕಿತ್ತು. ಮನೆಯೊಳಗೆ ಹೋಗಲಿಕ್ಕಲ್ಲ, ಅಂಗಳಕ್ಕೆ ಹೋಗಲಿಕ್ಕೆ. ಇಷ್ಟೆಲ್ಲ ಜನ ನೋಡಿದರಲ್ಲ, ಬೆಳೆದ ಮಗಳಿರುವ ಈ ಮನೆಯಲ್ಲಿ ನಾಳೆ ಹಾಲಗಂಬ ಎಲ್ಲಿ ನೆಡುತ್ತೀರಿ ಎಂದು ಒಬ್ಬರಾದರೂ ಕೇಳಬೇಡವೇ?

ಕೇಳಿದವನು ನಾನು. ಹೆಗಲ ಮೇಲೆ ಕಂಬ ಹೊತ್ತು, ಬಿಸಿಲಲ್ಲಿ ಬರಿಗಾಲಲ್ಲಿ ಕಾಂಕ್ರೀಟಿನ ಮೇಲೆ ಕುಣಿಯುತ್ತ ಕೇಳಿದೆ.

"ಸಾವಕಾರ್ರ, ಇದನ್ನ ಎಲ್ಲಿ ನೆಡ್ಲಿ?"

ಸಾವಕಾರರು ಅಂಗಳ ನೋಡಿದರು, ಕಂಬ ನೋಡಿದರು. "ನೆಡಾಕ ಬ್ಯಾಡ್ರಿ. ನಿಂದರಸೂಣು," ಎಂದರು.

"ಒಂದು ತೂತು ಹೊಡದ್ರ ಸಾಕಲ್ರಿ."

"ಒಂದ ತೂತು ಬಿದ್ರ ಅಂಗಳದ ತುಂಬ ಬಿರುಕು ಬಿಡ್ತೈತ್ರಿ ಮಾಸ್ತರ. ಪಕ್ಕಾ ಕೆಲಸ ಐತಿ ಅದು. ಮುಟ್ಟಬ್ಯಾಡ್ರಿ."

ಇನ್ನು ಸಲಹೆ ಕೊಡುವವರಿಗೆ ಬರವೇ? ಇಡೀ ಓಣಿ ಬಂತು. ಹೊರಗೆ ಓಣಿಯಲ್ಲೇ ನೆಡಿ ಎಂದ ಒಬ್ಬ. ಓಣಿಯಲ್ಲಿ ನೆಟ್ಟರೆ ದಿನವಿಡೀ ಹಾಯುವ ಚಕ್ಕಡಿಗಳಿಗೆ ಏನು ಹೇಳುವುದು? ಕಂಬದ ಬುಡಕ್ಕೆ ಕಬ್ಬಿಣದ ಪಟ್ಟಿ ಬಡಿದು, ಬೋಲ್ಟು ಹಾಕಿ ಬಿಗಿಯಿರಿ ಎಂದ ಇನ್ನೊಬ್ಬ. ಕಮ್ಮಾರನ ಹತ್ತಿರ ಹೋದರೆ, "ಕಬ್ಬಿಣ ಎಲ್ಲೈತ್ರಿ, ಎಲ್ಲಾ ಲಡಾಯಿಗೆ ಹೋಗೇತಿ," ಎಂದು ತಣ್ಣಗಿನ ಕುಲುಮೆ ತೋರಿಸಿದ. ಸಿಕ್ಕಿದ್ದರೂ ಬೋಲ್ಟಿಗೆ ತೂತು ಬೇಕು. ತೂತು ಎಂಬ ಮಾತೆತ್ತಿದರೆ ಸಾವಕಾರರ ಮುಖ ಕಪ್ಪಿಡುತ್ತಿತ್ತು.

ಕಡೆಗೆ ದಾರಿ ತೋರಿಸಿದವನು ಹಂದರ ಹಾಕುವ ಹುಸೇನಸಾಬ. ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳಲ್ಲಿ ಕಂಬ ನಿಲ್ಲಿಸಿ, ಸುತ್ತಲೂ ಕಲ್ಲು ಮರಳು ಜಡಿದ. ಕಂಬದಿಂದ ಕಂಬಕ್ಕೆ ಗಳ ಕಟ್ಟಿದ, ಗಳದಿಂದ ಗಳಕ್ಕೆ ಹಗ್ಗ ಬಿಗಿದ, ಮೇಲೆ ತಡಿಕೆ ಹೊದಿಸಿದ. ಹಾಲಗಂಬವೂ ಒಂದು ಡಬ್ಬಿಯಲ್ಲಿ ನಿಂತಿತು.

ಅಕ್ಕ ಹಾಲಿನ ತಂಬಿಗೆ ಹಿಡಿದು ಬಂದವಳು ಅಲ್ಲಿಯೇ ನಿಂತಳು.

"ತಮ್ಮಾ, ಡಬ್ಬ್ಯಾಗ ನಿಂತ ಹಾಲಗಂಬ ಎಲ್ಲ್ಯಾರ ನೋಡೀಯೇನೋ? ನಾ ಹಾಲು ಭೂಮಿತಾಯಿಗೆ ಎರೀಲೋ, ಚಿಮಣಿ ಎಣ್ಣಿಗೆ ಎರೀಲೋ?"

ಆಕೆ ಕಣ್ಣು ಒರೆಸಿಕೊಂಡು ಡಬ್ಬಿಗೇ ಎರೆದಳು. ಮೂಗಿಗೆ ಬಡಿದದ್ದು ಎಣ್ಣೆಯ ವಾಸನೆ. ನನಗೆ ಅವತ್ತು ಸಾವಕಾರರ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವರ ಮನೆಯಲ್ಲಿ ಉಣ್ಣಬಾರದು ಎಂದುಕೊಂಡೆ. (ಉಂಡೆ. ಹೋಳಿಗೆ ಇತ್ತು.)

ಮದುವೆಯ ಹಿಂದಿನ ದಿನ ಸಂಜೆ ಗಾಳಿ ಎದ್ದಿತು. ವೈಶಾಖದ ಗಾಳಿ ನಿಮಗೆ ಗೊತ್ತೇ ಇದೆ, ಮಳೆ ತರುತ್ತದೋ ಇಲ್ಲವೋ, ಧೂಳಂತೂ ತರುತ್ತದೆ. ಹಂದರ ಬೀಳುತ್ತದೆ ಎಂದು ಗಂಡಸರೆಲ್ಲ ಹೊರಗೆ ಓಡಿದೆವು. ಬೀಳಲಿಲ್ಲ. ಅದು ನಡೆಯತೊಡಗಿತು. ತಡಿಕೆಯಲ್ಲಿ ಗಾಳಿ ತುಂಬಿ, ಡಬ್ಬಿಗಳೆಲ್ಲ ಗರಗರ ಎನ್ನುತ್ತ, ಇಡೀ ಹಂದರ ಆ ನುಣ್ಣನೆಯ ಕಾಂಕ್ರೀಟಿನ ಮೇಲೆ ಜಾರಿಕೊಂಡು ಹೊರಟಿತು. ಹುಸೇನಸಾಬ ಒಂದು ಕಂಬ ಹಿಡಿದ, ಅದು ಅವನನ್ನೂ ಎಳೆದುಕೊಂಡು ಹೋಯಿತು. ಕಡೆಗೆ ಅಡಿಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಂತಿತು. ಒಳಗಿದ್ದ ಹೆಂಗಸರು ಒಳಗೆ, ಹೊರಗಿದ್ದ ನಾವು ಹೊರಗೆ.

"ಒಂದ ಗಂಟಾದ್ರೂ ಬಿಚ್ಚೇತೇನ ನೋಡ್ರಿ," ಎಂದ ಹುಸೇನಸಾಬ, ಮೊಣಕಾಲು ತಿಕ್ಕಿಕೊಳ್ಳುತ್ತ.

ಅವನ ಮಾತು ಖರೆ. ಎಲ್ಲವನ್ನೂ ಒಂದಕ್ಕೊಂದು ಕಟ್ಟಿದ್ದ. ನೆಲಕ್ಕೆ ಮಾತ್ರ ಯಾವುದನ್ನೂ ಕಟ್ಟಿರಲಿಲ್ಲ. ನಮ್ಮೂರ ಕಮಿಟಿಗಳು, ಸಂಘಗಳು ನೆನಪಾದವು. ಆ ಮಾತು ಇಲ್ಲಿ ಬೇಡ.

ಆಗ ಸಾವಕಾರರು ಸೋತರು. "ಒಂದ ತೂತು," ಎಂದರು, ಹಲ್ಲು ಕೀಳಿಸಿಕೊಳ್ಳಲು ಒಪ್ಪಿದವರಂತೆ. ಈಶಾನ್ಯದ ಮೂಲೆಯಲ್ಲಿ ಕಾಂಕ್ರೀಟು ಒಡೆದು, ಮಣ್ಣು ಕಾಣುವವರೆಗೆ ಅಗೆದು, ಹಾಲಗಂಬ ನೆಟ್ಟೆ. ಉಳಿದ ಕಂಬಗಳನ್ನು ಅದಕ್ಕೂ ಕಿಟಕಿಯ ಸರಳುಗಳಿಗೂ ಬಿಗಿದೆವು. ಅಕ್ಕ ಮತ್ತೆ ಹಾಲು ಎರೆದಳು. ಮಣ್ಣು ಅದನ್ನು ಕುಡಿದುಬಿಟ್ಟಿತು. ಆಕೆಯ ಮುಖ ನೋಡಿ ನನಗೂ ಸಮಾಧಾನವಾಯಿತು. ಮದುವೆ ಚಲೋ ಆಯಿತು. ಪಲ್ಯಕ್ಕೆ ಉಪ್ಪು ಸಾಲದು ಎಂದು ಬೀಗರು ಅಂದರು. ಅದು ಎಲ್ಲ ಮದುವೆಗಳಲ್ಲೂ ಇದ್ದದ್ದೇ. ನಾನು ಹಾನಗಲ್ಲಿಗೆ ವಾಪಸಾದೆ.

ಸೋಮವಾರ ಕಂಬ ಕೀಳಲೆಂದು ಹೋದರೆ ಇದು. ತೂತು ಮಾಯವಾಗಿದೆ. ಕಂಬದ ಸುತ್ತ ಸಿಮೆಂಟು, ಜಲ್ಲಿ ತುಂಬಿ ಮೆತ್ತಲಾಗಿದೆ. ಬೋಲ್ಟಿಲ್ಲ, ಪಟ್ಟಿಯಿಲ್ಲ, ಆದರೂ ಆನೆ ತಂದು ಕಟ್ಟಬಹುದಿತ್ತು.

"ಯಾರ್ರಿ ಇದನ್ನ ಮಾಡಿದವ್ರು?" ಎಂದೆ.

"ಅಳ್ಳಾಡಾಕತ್ತಿತ್ರಿ," ಎಂದರು ಸಾವಕಾರರು. "ಪಕ್ಕಾ ಇರ್ಲಿ ಅಂತ ಮಾಡಿಸಿದೆ."

"ಕೀಳೂದೈತಿ ಅಂತ ನಿಮಗ ಗೊತ್ತಿರ್ಲಿಲ್ಲೇನ್ರಿ?"

ಅವರು ತಂಬಾಕಿನ ಚೀಲ ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು.

ಬೀಗರಲ್ಲಿ ಹಿರಿಯರೊಬ್ಬರು ಕಟ್ಟೆಯಿಂದ ಹೇಳಿದರು: "ಗರಗಸಾ ತರಿಸಿ ಬುಡಕ್ಕ ಕೊಯ್ಸಿಬಿಡ್ರಿ. ಬಸ್ಸಿಗೆ ಹೊತ್ತಾಗಾಕತ್ತೈತಿ."

ಒಳಗಿನಿಂದ ಅಕ್ಕನ ದನಿ ಬಂತು. "ಹಾಲಗಂಬಕ್ಕ ಗರಗಸಾ ಹಚ್ಚಬ್ಯಾಡ್ರಿ. ನನ್ನ ಕೂಸಿನ ಬಾಳೇದ ಮಾತೈತಿ."

"ಹಂಗಾದ್ರ ಕಾಂಕ್ರೀಟ ಒಡೀತೇನಿ," ಎಂದು ಹಾರೆ ಎತ್ತಿಕೊಂಡೆ.

"ತಡೀರಿ ಮಾಸ್ತರ," ಎಂದರು ಸಾವಕಾರರು. "ಗೌಂಡಿಗೆ ಹೇಳಿ ಕಳಸ್ತೇನಿ. ಅಂವಾ ಬಂದು ಹಗೂರಕ ತಗೀತಾನ. ಎರಡ ದಿನ ತಡದ್ರ ಏನ ಮುಳಗತೈತಿ? ನೀಲವ್ವ ನಾಡದ ಹೋಗ್ತಾಳ."

ನನಗೆ ಪಿತ್ತ ನೆತ್ತಿಗೇರಿತು. ಅರಳೆಯ ಗಾಡಿ ಸ್ವಲ್ಪ ತಡವಾದರೆ ಓಣಿಯೆಲ್ಲ ಕೇಳುವಂತೆ ಕೂಗಾಡುವ ಮನುಷ್ಯ, ಬೀಗರನ್ನು ಚಕ್ಕಡಿ ಹೂಡಿ ನಿಲ್ಲಿಸಿಕೊಂಡು ಎರಡು ದಿನ ಎನ್ನುತ್ತಾರೆ. ನಾನು ಸಿಟ್ಟಿನಿಂದ ಬಗ್ಗಿ ಕಂಬದ ಬುಡ ನೋಡಿದೆ. ಗೌಂಡಿಯ ಕರಣಿ ತಾಗಿದ ಗುರುತೇ ಇಲ್ಲ. ತುಂಬ ಬೆರಳಿನ ಗುರುತು. ರೊಟ್ಟಿ ತಟ್ಟಲು ಬಾರದವರು ತಟ್ಟಿದ ರೊಟ್ಟಿಯ ಹಾಗಿತ್ತು.

ಅಕ್ಕ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು.

"ಗೌಂಡಿ ಎಲ್ಲಿ ಬಂದಿದ್ದ ತಮ್ಮಾ. ಅವರು ಸ್ವಂತ ಕೈಲೆ ಮಾಡ್ಯಾರ. ನಾವೆಲ್ಲಾ ನೀಲವ್ವನ್ನ ಮಠಕ್ಕ ಕರಕೊಂಡ ಹೋಗಿದ್ವಿ. ಬರೂದ್ರಾಗ ಬಾವಿಕಟ್ಟಿ ಮ್ಯಾಲ ಕುಂತು ಕೈ ತಿಕ್ಕಿ ತಿಕ್ಕಿ ತೊಳಕೊಳ್ಳಾಕತ್ತಿದ್ರು. ಡಬ್ಬ್ಯಾಗಿನ ಸಿಮೆಂಟ ಅರ್ಧಾ ಆಗೇತಿ."

ಕುಡಿಯುವ ನೀರಿಗೂ ಒಳಗಿನವರನ್ನು ಕೂಗುವ ಸಾವಕಾರರು ಸಿಮೆಂಟು ಕಲಸಿದ್ದರು. ಯಾಕೆಂದು ಅರ್ಥವಾಯಿತು. ಆದರೆ ಸಿಟ್ಟು ಇಳಿಯಲಿಲ್ಲ, ಏರಿತು. ಮಗಳನ್ನು ಬಿಟ್ಟಿರಲು ಆಗದಿದ್ದರೆ ಹಾಗೆಂದು ಬಾಯಿಬಿಟ್ಟು ಹೇಳಬೇಕು. ಇಲ್ಲವೇ ಒಂದು ಮೂಲೆಯಲ್ಲಿ ಕುಳಿತು ಅತ್ತುಬಿಡಬೇಕು. ನಮ್ಮ ಗಂಡಸರಿಗೆ ಅದೊಂದು ಮಾತ್ರ ಯಾಕೆ ಬರುವುದಿಲ್ಲ? ಸಂಕಟಕ್ಕೆ ಸಿಮೆಂಟು ಕಲಸುತ್ತಾರೆಯೇ ಯಾರಾದರೂ?

ನೀಲವ್ವ ಹೊರಗೆ ಬಂದಳು. ಅವ್ವ ಹೇಳಿದ್ದು ಅವಳಿಗೂ ಕೇಳಿತ್ತು. ಬುಡದ ಬೆರಳ ಗುರುತುಗಳನ್ನು ನೋಡಿದಳು. ಅಪ್ಪನನ್ನು ನೋಡಿದಳು.

"ಅಪ್ಪಾ, ಮಾಮಾನ ಕೈಲೆ ಆಗಂಗಿಲ್ಲ. ನೀನ ಹಾಕೀದಿ, ನೀನ ತಗಿ. ಅಳಕೋತ ಹೊಂಟ್ರ ಛಲೋ ಕಾಣಂಗಿಲ್ಲ ನಾನು."

ಹೇಳುವಾಗಲೇ ಅಳುತ್ತಿದ್ದಳು. ಸಾವಕಾರರು ಬಂದು ನನ್ನ ಕೈಯಿಂದ ಹಾರೆ ತೆಗೆದುಕೊಂಡರು. ಮೊದಲ ಏಟಿಗೆ ಕಿಡಿ ಹಾರಿತು. ಆಮೇಲೆ ಅವರು ನಿಲ್ಲಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಚಪ್ಪಲಿಯೂ ತಾಗಬಾರದೆಂದು ಕಾದಿದ್ದ ಅಂಗಳದಲ್ಲಿ, ಆ ಮೂಲೆಯಿಂದ ತಲೆಬಾಗಿಲವರೆಗೆ ಒಂದು ಬಿರುಕು ಬಿಟ್ಟಿತು. ಬಿರುಕಿನ ಬಗ್ಗೆ ಅವರು ಹೇಳಿದ್ದು ಪಕ್ಕಾ ಆಗಿತ್ತು.

ಕಂಬ ಬಂತು. ಬರಿ ಕಂಬವಲ್ಲ, ಬುಡಕ್ಕೆ ದೊಡ್ಡ ಕಾಂಕ್ರೀಟಿನ ಗಡ್ಡೆ ಅಂಟಿಸಿಕೊಂಡೇ ಬಂತು. ಬಿಡಿಸಲು ವೇಳೆ ಇರಲಿಲ್ಲ. ಸಾವಕಾರರು ಒಂದು ಕಡೆ, ನಾನು ಒಂದು ಕಡೆ ಹೊತ್ತು ಚಕ್ಕಡಿಗೆ ಹಾಕಿದೆವು. ದಾರಿಯಲ್ಲೇ ಕೆರೆ. ಹಾಲಗಂಬ ನೀರಿಗೆ ಬಿಟ್ಟಾಗ ತೇಲಿಕೊಂಡು ದೂರ ಹೋಗಬೇಕು. ಅದನ್ನು ನೋಡಿ ಹುಡುಗಿ ಮುಂದೆ ಹೊರಡಬೇಕು.

ಬಿಟ್ಟೆವು. ಗುಳುಂ ಎಂದು ಅಲ್ಲಿಯೇ ಮುಳುಗಿತು.

ಬೀಗರು ನನ್ನ ಮುಖ ನೋಡಿದರು. "ಹೊಂಡ್ರಿ, ನೀರಿಗೆ ಬಿಟ್ಟಾತಲ್ಲ," ಎಂದೆ. ನೀಲವ್ವ ಅಪ್ಪನ ಕಾಲು ಮುಟ್ಟಿ ಚಕ್ಕಡಿ ಹತ್ತಿದಳು. ಬಸ್ಸು ಸಿಕ್ಕಿತಂತೆ.

ನಾವಿಬ್ಬರೂ ಕೆರೆಯ ದಂಡೆಯಲ್ಲಿ ಉಳಿದೆವು. ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನೆಲ್ಲ ಈಗ ಅಂದುಬಿಡಬೇಕು ಎಂದು ನಾನು ಬಾಯಿ ತೆರೆದೆ. ಸಾವಕಾರರು ನೀರನ್ನೇ ನೋಡುತ್ತಿದ್ದರು. ಕೈಗಳಲ್ಲಿ ಬೊಬ್ಬೆಗಳು ಎದ್ದಿದ್ದವು.

"ಅದಾದ್ರೂ ಇಲ್ಲೇ ಉಳೀತಲ್ರಿ ಮಾಸ್ತರ," ಎಂದರು.

ಬಾಯಿ ಮುಚ್ಚಿಕೊಂಡೆ.

ಅವರಿಗೆ ಇನ್ನೊಬ್ಬ ಮಗಳಿದ್ದಾಳೆ, ಡಬ್ಬಿಯಲ್ಲಿ ಇನ್ನೂ ಅರ್ಧ ಸಿಮೆಂಟಿದೆ, ಸೋದರಮಾವ ನಾನೊಬ್ಬನೇ. ನನಗೆ ಯಾರಾದರೂ ಒಂದು ಗಟ್ಟಿ ಹಾರೆ ಕೊಡಿಸುತ್ತೀರಾ?