ಪಟ್ಟಿಯಲ್ಲಿ ಇಲ್ಲದ ಸುಶೀಲತ್ತೆ

ಕಂಪ್ಯೂಟರ್ ತಾನಾಗಿ ಏನನ್ನೂ ಮಾಡುವುದಿಲ್ಲ ಎಂದು ವರ್ಷಗಟ್ಟಲೆ ಗಿರಾಕಿಗಳೊಡನೆ ವಾದ ಮಾಡಿದವಳು ನಾನು. ಸೊಲ್ಲಾಪುರದ ಟವೆಲ್ ಅಂಗಡಿಗಳಿಗೆ, ಕೋಚಿಂಗ್ ಕ್ಲಾಸುಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. "ಆಪೋಆಪ ಆಗ್ಯದ್ರಿ ಮೇಡಂ, ನಾವೇನೂ ಮುಟ್ಟಿಲ್ಲ" ಎಂದು ಯಾರಾದರೂ ಫೋನ್ ಮಾಡಿದರೆ ಹೂಂಗುಟ್ಟಿ, ಒಳಗೊಳಗೇ ನಗುತ್ತಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಸಂಕ್ರಾಂತಿ ಮುಗಿದ ವಾರ ನಮ್ಮ ಮನೆಯಲ್ಲಿ ಅರಿಷಿಣ-ಕುಂಕುಮ ಇರುತ್ತದೆ. ಮುತ್ತೈದೆಯರನ್ನು ಕರೆದು, ಎಳ್ಳು-ಬೆಲ್ಲ ಹಂಚಿ, ಒಬ್ಬೊಬ್ಬರಿಗೂ ಒಂದು ನ್ಯಾಪ್ಕಿನ್ ಕೊಟ್ಟು ಕಳಿಸುವುದು ಪದ್ಧತಿ. ಕರೆಯೋಲೆಯಲ್ಲಿ ಹೆಸರಿನ ಮುಂದೆ 'ಸೌ.' ಎಂದು ಬರೆಯಲೇಬೇಕು. ಗಂಡನಿರುವ ಹೆಂಗಸು ಎಂಬುದಕ್ಕೆ ನಮ್ಮ ಕಡೆ ಅದೇ ಗುರುತು. ಆ ಒಂದು ಅಕ್ಷರ ಬಿಟ್ಟುಹೋದರೆ ವರ್ಷವಿಡೀ ಮಾತು ಬಿಡುವವರಿದ್ದಾರೆ.

ಅಕ್ಕಲಕೋಟದಲ್ಲಿರುವ ಸುಶೀಲತ್ತೆ ಅಪ್ಪನ ತಂಗಿ. ಅವಳ ಗಂಡ ಎಷ್ಟೋ ವರ್ಷಗಳ ಹಿಂದೆ ಮನೆಬಿಟ್ಟು ಹೋದವರು ತಿರುಗಿ ಬರಲಿಲ್ಲ. ಇದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅತ್ತೆ ಕುಂಕುಮ ಅಳಿಸಲಿಲ್ಲ, ತಾಳಿ ತೆಗೆಯಲಿಲ್ಲ. ಆದರೆ ನಮ್ಮ ಬಳಗದ ಹೆಂಗಸರಿಗೆ ಅವಳನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂಬುದೇ ಬಗೆಹರಿಯಲಿಲ್ಲ. ಬಂದು ಮುಜುಗರ ಪಡುವುದು ಬೇಡವೆಂದು ಅವ್ವ ಕರೆಯುವುದನ್ನೇ ಬಿಟ್ಟಳು. ಕರೆಯದಿದ್ದ ಮೇಲೆ ಅತ್ತೆ ಅಣ್ಣನ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಅಪ್ಪ ಒಳಗೇ ಕೊರಗುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮೊದಲ ಸಲ ಕರೆಯೋಲೆಗಳನ್ನು ನಾನೇ ಮಾಡಿಕೊಡುತ್ತೇನೆಂದೆ. ಒಂದು ಮಧ್ಯಾಹ್ನ ಊಟವಾದ ಮೇಲೆ ಅವ್ವ ಹೆಸರು ಹೇಳುತ್ತ ಹೋದಳು, ನಾನು ಎಲ್ಲವನ್ನೂ ಒಂದೇ ಸಾಲಿನಲ್ಲಿ, ನಡುವೆ ಅಲ್ಪವಿರಾಮ ಹಾಕುತ್ತ ಟೈಪ್ ಮಾಡಿದೆ. ಆ ಉದ್ದ ಸಾಲನ್ನು ಅಲ್ಪವಿರಾಮ ಬಂದಲ್ಲೆಲ್ಲ ಕತ್ತರಿಸಿ, ಪ್ರತಿ ಹೆಸರಿನ ಮುಂದೆ 'ಸೌ.' ಜೋಡಿಸಿ, ಒಂದೊಂದು ಚೀಟಿಯಾಗಿ ಪುಟದ ಮೇಲೆ ಹರಡುವ ಸಣ್ಣ ಪಿ.ಎಚ್.ಪಿ. ಸ್ಕ್ರಿಪ್ಟ್ ಬರೆದೆ. ದಿನವೂ ಮಾಡುವ ಕೆಲಸ, ಆದರೂ ಎಡವಿದೆ. ಹೆಸರು ಉದ್ದವಾದರೆ ಮೊಟಕು ಮಾಡೆಂದು ಅಕ್ಷರಕ್ಕೊಂದೇ ತುಂಡೆಂಬ ಇಂಗ್ಲಿಷಿನ ಲೆಕ್ಕದಲ್ಲೇ ಹೇಳಿಬಿಟ್ಟಿದ್ದೆ. ಕನ್ನಡದ ಒಂದು ಅಕ್ಷರ ಯಂತ್ರದ ಕಣ್ಣಿಗೆ ಮೂರು ತುಂಡು, ಒತ್ತಕ್ಷರ ಬಂದರೆ ಇನ್ನೂ ಹೆಚ್ಚು. ಹೀಗಾಗಿ ವಳಸಂಗದ ಅನ್ನಪೂರ್ಣಾ ಚಿಕ್ಕಮ್ಮ ಬರೀ ಅನ್ನವಾಗಿ, ಬಾಲಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಚ್ಚಿಕೊಂಡು ಬಂದಳು. ಅವ್ವ ಬಿದ್ದು ಬಿದ್ದು ನಕ್ಕಳು.

ಅದನ್ನು ಸರಿಪಡಿಸಿ, ಪ್ರಿಂಟ್ ತೆಗೆದು, ಕತ್ತರಿಯಿಂದ ಕತ್ತರಿಸಿ, ಅಕ್ಕಲಕೋಟದ ನೆಂಟರ ಚೀಟಿಗಳಿಗೆ ರಬ್ಬರ್ ಹಾಕಿ ಅಪ್ಪನ ಕೈಗೆ ಕೊಟ್ಟೆ. ಒಂದೊಂದಾಗಿ ಓದಿ ನೋಡಲಿಲ್ಲ. ಭಾನುವಾರ ಅಪ್ಪ ಬಸ್ಸಿಗೆ ಹೋಗಿ ಮನೆಮನೆಗೂ ಮುಟ್ಟಿಸಿ ಬಂದ. ಅಂದು ಅವನು ಎರಡು ರೊಟ್ಟಿ ಹೆಚ್ಚಿಗೆ ಉಂಡದ್ದು ನೆನಪಿದೆ. ಯಾಕೆಂದು ನಾವ್ಯಾರೂ ಕೇಳಲಿಲ್ಲ.

ಕಾರ್ಯಕ್ರಮದ ದಿನ ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದವಳು ಸುಶೀಲತ್ತೆ. ಹಸಿರು ಸೀರೆ, ಕೈತುಂಬ ಬಳೆ, ಮುಷ್ಟಿಯಲ್ಲಿ ನನ್ನ ಚೀಟಿ. "ವೈನಿ, ಕರದ್ರಲ್ಲಾ! ಮೊದಲನೇ ಬಸ್ಸಿಗೇ ಬಂದೆ ನೋಡ್ರಿ" ಎಂದು ಅತ್ತಿಗೆಗೆ ಹೇಳಿದಳು. ಅವ್ವ ನನ್ನತ್ತ ಒಮ್ಮೆ ನೋಡಿದಳು. ಅವ್ವನ ಬಾಯಿಂದ ಈಗ ಒಂದು ಮಾತು ತಪ್ಪಿ ಬಿದ್ದರೆ ಅತ್ತೆ ಇನ್ನೆಂದೂ ಈ ಮನೆಗೆ ಬರುವವಳಲ್ಲ. ಅವ್ವ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿ ಅತ್ತೆಯ ಹಣೆಗೆ ಹಚ್ಚಿ, ಕೈಹಿಡಿದು ಒಳಗೆ ಕರೆದುಕೊಂಡಳು.

ಹೆಂಗಸರೆಲ್ಲ ಸೇರಿದ ಮೇಲೆ ಗಂಡನ ಹೆಸರು ಹೇಳುವ ಒಡಪು ಶುರುವಾಯಿತು. ಅತ್ತೆಯ ಸರದಿ ಬಂದಾಗ ಎಲ್ಲರೂ ಮುಖ ಬೇರೆ ಕಡೆ ತಿರುಗಿಸಿದರು. ಅವಳು ತಾನಾಗಿಯೇ ಸೆರಗು ಸರಿಮಾಡಿಕೊಂಡು ಕುಳಿತು, ದನಿಯೆತ್ತಿ ಹೇಳಿದಳು:

"ಕಿಟಕಿ ಸೀಟು ಸಿಕ್ಕಿತ್ರಿ, ಗಾಳಿ ಭಾಳ ಥಂಡ,
ಎಲ್ಲೇ ಇರಲಿ ಶಂಕರರಾಯ, ಅವರೇ ನನ್ನ ಗಂಡ!"

ಆಮೇಲೆ ಎದ್ದ ನಗೆ ಬೀದಿಯ ತುದಿಗೆ ಕೇಳಿಸಿರಬೇಕು. ನಗುತ್ತಲೇ ಅರ್ಧ ಜನ ಕಣ್ಣೊರೆಸಿಕೊಂಡರು. "ಇನ್ನೊಂದು ಹೇಳಬೇಕ್ರಿ" ಎಂದು ಗಂಟುಬಿದ್ದರು. ಅತ್ತೆ ಮೂರು ಹೇಳಿದಳು. ಅವ್ವನನ್ನು ಅಷ್ಟು ಹಗುರಾಗಿ ನಾನು ಎಂದೂ ನೋಡಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವ್ವ ನನ್ನ ಬೆನ್ನು ತಟ್ಟಿದಳು. "ಆಕಿ ಹೆಸರು ನನಗ ಕೇಳದನ ಹಾಕಿದಿ. ಇರಲಿ, ಛಲೋ ಮಾಡಿದಿ." ಅಪ್ಪ, "ನಿಮ್ಮವ್ವನೇ ಹೇಳ್ಯಾಳ ಅಂತ ತಿಳಕೊಂಡಿದ್ದೆ, ಕೇಳಿದ್ರ ಎಲ್ಲಿ ಬ್ಯಾಡ ಅಂತಾಳೋ ಅಂತ ಸುಮ್ಮನ ಕೊಟ್ಟು ಬಂದೆ" ಎಂದ. ನಾನು ಹಾಕಿಲ್ಲ ಎಂದರೆ ಇಬ್ಬರೂ ನಕ್ಕರು. ಅಪ್ಪನಿಗೆ ಕಂಪ್ಯೂಟರ್ ಚಾಲೂ ಮಾಡಲೂ ಬರುವುದಿಲ್ಲ. ಅವ್ವ ಅದನ್ನು ಮುಟ್ಟುವುದೇ ಇಲ್ಲ.

ಕಡತ ತೆರೆದು ನೋಡಿದೆ. ಭಾನುವಾರಕ್ಕೂ ಮೊದಲು ಉಳಿಸಿದ್ದು ಹಾಗೇ ಇತ್ತು. ಇಡೀ ಸಾಲಿನಲ್ಲಿ 'ಸುಶೀಲಾ' ಎಂದು ಹುಡುಕಿಸಿದೆ. ಇಲ್ಲ ಎಂದಿತು. ಸ್ಕ್ರಿಪ್ಟನ್ನು ಮತ್ತೆ ಮತ್ತೆ ಓಡಿಸಿದೆ. ಪ್ರತಿ ಸಲವೂ ಎಲ್ಲರ ಚೀಟಿಗಳೂ ಬಂದವು, ಅತ್ತೆಯದು ಬರಲಿಲ್ಲ. ಆದರೆ ಅವಳ ಕೈಯಲ್ಲಿದ್ದದ್ದು ನನ್ನದೇ ಅಕ್ಷರ ವಿನ್ಯಾಸ, ನನ್ನದೇ ಅಂಚು: 'ಸೌ. ಸುಶೀಲಾ'. ಹಳೆಯ ಪಟ್ಟಿಯೇನಾದರೂ ಎಲ್ಲೋ ಉಳಿದಿರಬೇಕು ಎಂದ ನನ್ನ ಜೊತೆ ಕೆಲಸ ಮಾಡುವ ಗೆಳೆಯ. ಹಳೆಯ ಪಟ್ಟಿಯೇ ಇರಲಿಲ್ಲ, ಅದೇ ಮೊದಲ ವರ್ಷ. ಇಂದಿಗೂ ನನಗೆ ಅದರ ಬುಡ ಸಿಕ್ಕಿಲ್ಲ.

ಈಗ ಅತ್ತೆ ಪ್ರತಿ ವರ್ಷ ಬರುತ್ತಾಳೆ, ಎರಡು ದಿನ ಮೊದಲೇ ಬಂದು ಎಳ್ಳು ಹುರಿಯುತ್ತಾಳೆ. ಬಂದಾಗಲೆಲ್ಲ ನನ್ನ ಗಲ್ಲ ಹಿಡಿದು, "ನೀ ಒಬ್ಬಾಕಿ ನೆನಿಸಿದಿ ನೋಡವ್ವಾ" ಎನ್ನುತ್ತಾಳೆ. ನಾನು ನಗುತ್ತೇನೆ. ಆ ಮಧ್ಯಾಹ್ನ ಪಟ್ಟಿ ಮಾಡುವಾಗ ನನಗೆ ಅವಳ ನೆನಪೇ ಆಗಿರಲಿಲ್ಲ ಎಂದು ಹೇಳಲು ಇದುವರೆಗೂ ಬಾಯಿ ಬಂದಿಲ್ಲ.