ಮುಟ್ಟದ ಬೆಲ್ಲ, ಕುಡಿಯದ ನೀರು

ಐವತ್ತರ ದಶಕದ ಕೊನೆಯ ಮಾತು. ಬಂಟ್ವಾಳ ಪೇಟೆಯಿಂದ ಹೊಳೆಬದಿಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆ. ಅಪ್ಪ ಕ್ಷಯದಲ್ಲಿ ತೀರಿಕೊಂಡ ಮೇಲೆ ಅಮ್ಮ ಬೀಡಿ ಕಟ್ಟಿ ನನ್ನನ್ನೂ ತಮ್ಮನನ್ನೂ ಸಾಕುತ್ತಿದ್ದಳು. ಬೀಡಿಯಿಂದ ಮೂರು ಹೊಟ್ಟೆ ತುಂಬುತ್ತಿರಲಿಲ್ಲ. ಹಾಗಾಗಿ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಕ್ರೈಸ್ತರ ಇಗರ್ಜಿಯ ಬಡವರ ಸಂಘದಿಂದ ಇಬ್ಬರು ಕುಚ್ಚಲಕ್ಕಿಯ ಚೀಲ ಹಿಡಿದು ಬರುತ್ತಿದ್ದರು. ಒಬ್ಬರು ಪೇಟೆಯಲ್ಲಿ ಜವುಳಿ ಅಂಗಡಿ ಇಟ್ಟಿದ್ದ ಹಿರಿಯರು. ನಾವು ಅವರನ್ನು ಮಾಮ ಎನ್ನುತ್ತಿದ್ದೆವು. ಇನ್ನೊಬ್ಬರು ದರ್ಜಿ, ಪ್ರಾರ್ಥನೆಗೆ ಬಿಟ್ಟರೆ ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ.

ಜಗಲಿಯಲ್ಲಿ ಕೂತು ಮಾಮ ಅಮ್ಮನನ್ನು ಗೌರವದಿಂದ "ಬಾಯಿ" ಎಂದು ಕರೆದು ಕ್ಷೇಮ ವಿಚಾರಿಸುತ್ತಿದ್ದರು, ಇಬ್ಬರೂ ನಮ್ಮ ಜೊತೆ ಪ್ರಾರ್ಥನೆ ಹೇಳುತ್ತಿದ್ದರು. ಅಮ್ಮ ಒಂದು ತುಂಡು ಓಲೆಬೆಲ್ಲ, ಒಂದು ಚೆಂಬು ನೀರು ತಂದಿಡುತ್ತಿದ್ದಳು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ ನೀರು, ಆಮೇಲೆ ಮಾತು. ಆದರೆ ಈ ಇಬ್ಬರು ಅದನ್ನು ಮುಟ್ಟುತ್ತಿರಲಿಲ್ಲ. ಮಾಮ ಚೆಂಬನ್ನು ಬೆರಳಿನಿಂದ ಒಂದಿಷ್ಟು ಆಚೆ ಸರಿಸಿ ಎದ್ದು ಹೋಗುತ್ತಿದ್ದರು.

ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಒಟ್ಟಿಗೆ ದೇವರನ್ನು ಕರೆಯಬಹುದು, ನೀರು ಮಾತ್ರ ಆಗುವುದಿಲ್ಲ ಎಂದರೆ ಏನರ್ಥ? ಚೆಂಬು ಕೊಳಕಿರಬೇಕೆಂದು ಹುಳಿ, ಬೂದಿ ಹಾಕಿ ಕೈ ಉರಿಯುವಷ್ಟು ತಿಕ್ಕಿದೆ. ಮುಂದಿನ ವಾರವೂ ಮುಟ್ಟಲಿಲ್ಲ. ಬೆಲ್ಲ ಸರಿಯಿಲ್ಲವೇನೋ ಎಂದು ಅಮ್ಮ ಬೆಳ್ತಂಗಡಿಯಲ್ಲಿದ್ದ ತನ್ನ ಅಣ್ಣನಿಗೆ ಹೇಳಿ ಒಳ್ಳೆಯದು ತರಿಸಿದಳು. ಅದನ್ನೂ ಮುಟ್ಟಲಿಲ್ಲ. ಪಕ್ಕದ ಮನೆಯ ಬ್ಯಾರಿ ಹೆಂಗಸು ಅಮ್ಮನ ಜೊತೆ ಬೀಡಿ ಕಟ್ಟಲು ಬರುತ್ತಿದ್ದಳು. ಉಳಿದ ಬೆಲ್ಲ ಬಾಯಿಗೆ ಹಾಕಿಕೊಂಡು, "ನಿಮ್ಮ ಇಗರ್ಜಿಯವರು ಹೀಗೇ ಬರ್ತಾ ಇರ್ಲಿ ಮಾರಾಯ್ತಿ, ನನಗೆ ಲಾಭ ಉಂಟು" ಎಂದು ನಗುತ್ತಿದ್ದಳು. ಅಮ್ಮ ನಗಲಿಲ್ಲ. ಅಪ್ಪನ ಕಾಯಿಲೆಗೆ ಹೆದರುತ್ತಾರೆ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅಪ್ಪ ಅದೇ ಚೆಂಬಿನಲ್ಲಿ ಕುಡಿದದ್ದು.

ಮಳೆ ಜಡಿಯುವ ಆಟಿ ತಿಂಗಳ ಒಂದು ಭಾನುವಾರ, ಮನೆಯಲ್ಲಿ ಒಂದು ಹಿಡಿ ಅಕ್ಕಿ ಇಲ್ಲದಿದ್ದಾಗ, ಅಮ್ಮ ಚೀಲವನ್ನು ವಾಪಸ್ ಅವರ ಕಾಲಬುಡಕ್ಕೆ ತಂದಿಟ್ಟಳು.

"ತಕ್ಕೊಂಡು ಹೋಗಿ ಮಾಮ. ನೀರು ಕುಡಿಯಲಿಕ್ಕಾಗದ ಮನೆಗೆ ಅಕ್ಕಿ ಯಾಕೆ?"

ಮಾಮ ತಬ್ಬಿಬ್ಬಾದರು. "ಅಯ್ಯೋ ಬಾಯಿ, ಅದು ಸಂಘದ ನಿಯಮ. ಸಹಾಯಕ್ಕೆ ಹೋದ ಮನೆಯಲ್ಲಿ ಏನೂ ತಕ್ಕೊಳ್ಳಬಾರದು, ನೀರು ಕೂಡ. ನಿಮಗೆ ಭಾರ ಆಗಬಾರದು ಅಂತ."

"ಆ ನಿಯಮ ಮಾಡಿದವರು ಯಾವ ಊರಿನವರು?"

ಮಾಮ ಚೆಂಬನ್ನೊಮ್ಮೆ ನೋಡಿ, ಚೀಲ ಎತ್ತಿಕೊಂಡು ಮಳೆಗೆ ಇಳಿದರು. ನನಗೆ ಅಮ್ಮನ ಮೇಲೆ ಕೆಟ್ಟ ಕೋಪ ಬಂತು. ಮರ್ಯಾದೆಯನ್ನು ಬೇಯಿಸಿ ಉಣ್ಣಲಿಕ್ಕಾಗುತ್ತದೆಯೇ? ಆ ವಾರ ಕೆಸುವಿನ ಸೊಪ್ಪು, ಹಲಸಿನ ಬೀಜ ಮತ್ತು ಪಕ್ಕದ ಮನೆಯ ಗಂಜಿಯಲ್ಲಿ ಕಳೆಯಿತು.

ಮುಂದಿನ ಭಾನುವಾರ ಮಾಮ ಒಬ್ಬರೇ ಬಂದರು. ಕೈಯಲ್ಲಿ ಕೊಡೆ ಮಾತ್ರ. "ಇವತ್ತು ಸಂಘದ ಕೆಲಸಕ್ಕೆ ಬಂದದ್ದಲ್ಲ, ಹೀಗೇ ಬಂದೆ" ಎಂದು ಕೂತರು. ಬೆಲ್ಲ ಕಚ್ಚಿದರು, ಚೆಂಬು ಎತ್ತಿ ಗಟಗಟ ಕುಡಿದರು. ಮಳೆಯ ಬಗ್ಗೆ ನಾಲ್ಕು ಮಾತಾಡಿ, "ಬರ್ತೇನೆ ಬಾಯಿ" ಎಂದು ಹೊರಟರು. ಅಂಗಳದಾಚೆಯ ಹಲಸಿನ ಮರದಡಿ ದರ್ಜಿ ಚೀಲ ತಬ್ಬಿಕೊಂಡು ನಿಂತಿದ್ದರು. ಮಾಮ ಅಲ್ಲಿಗೆ ಹೋದರು, ತಿರುಗಿದರು, ಈಗ ಇಬ್ಬರೂ ಸಂಘದವರಾಗಿ ಬಂದರು. ಕ್ಷೇಮ ವಿಚಾರಿಸಿದರು, ಪ್ರಾರ್ಥನೆ ಹೇಳಿದರು. ಅಮ್ಮ ಮತ್ತೆ ಬೆಲ್ಲ ನೀರು ಇಟ್ಟಳು. ಅವರು ಮುಟ್ಟಲಿಲ್ಲ. ಅಮ್ಮ ಅಕ್ಕಿ ತೆಗೆದುಕೊಂಡಳು.

ಹೀಗೆ ವರ್ಷಗಟ್ಟಲೆ ನಡೆಯಿತು. ಒಂದೇ ಮನುಷ್ಯ, ಒಂದೇ ಭಾನುವಾರ, ಎರಡು ಸಲ. ಇದು ದೇವರಿಗೆ ಹೇಳುವ ಸುಳ್ಳಲ್ಲವೇ ಎಂದು ಕೇಳಿದರೆ ಅಮ್ಮ "ಅನ್ನ ತಣಿಯುತ್ತದೆ, ಉಣ್ಣು" ಎನ್ನುತ್ತಿದ್ದಳು. ಯಾವ ಮಾಮ ನಿಜ, ಕುಡಿದವರೋ ಕುಡಿಯದವರೋ? ಈಗಲೂ ನನಗೆ ಗೊತ್ತಿಲ್ಲ.

ನನಗೆ ಮೂಡುಬಿದಿರೆಯ ಹತ್ತಿರ ಶಾಲೆಯಲ್ಲಿ ಕೆಲಸ ಸಿಕ್ಕಿದಾಗ ಅಮ್ಮ, ಇನ್ನು ಅಕ್ಕಿ ಬೇಡ, ಬೇರೆಯವರಿಗೆ ಕೊಡಿ ಎಂದು ಸಂಘಕ್ಕೆ ಹೇಳಿಸಿದಳು. ಮುಂದಿನ ಭಾನುವಾರ ನಾನೂ ಮನೆಯಲ್ಲಿದ್ದೆ. ಮಾಮ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬೆಲ್ಲ ತಿಂದು, ನೀರು ಕುಡಿದು, "ಬರ್ತೇನೆ ಬಾಯಿ" ಎಂದು ಹಲಸಿನ ಮರದವರೆಗೆ ಹೋದರು. ಮರದಡಿ ಯಾರೂ ಇರಲಿಲ್ಲ. ಅಭ್ಯಾಸಬಲದಿಂದ ಅವರು ತಿರುಗಿ ಬಂದೇಬಿಟ್ಟರು, ಜಗಲಿಯಲ್ಲಿ ಕೂತೂಬಿಟ್ಟರು. ಆಮೇಲೆ ತಮ್ಮ ಬರಿಗೈ ನೋಡಿಕೊಂಡು ನನ್ನ ಮುಖ ನೋಡಿದರು.

ಅಮ್ಮ ಒಳಗೆ ಹೋಗಿ ಇನ್ನೊಂದು ತುಂಡು ಬೆಲ್ಲ, ಇನ್ನೊಂದು ಚೆಂಬು ನೀರು ತಂದಿಟ್ಟಳು. ಮಾಮ ಅದನ್ನೂ ಕುಡಿದರು.