ವೈನಿ ಆರಿಸಿಕೊಂಡ ಓಣಿ

ಅವರ ಎಡ ಹೆಗಲು ಬಲಕ್ಕಿಂತ ತುಸು ಕೆಳಗಿತ್ತು. ಸೆರಗು ಅಲ್ಲಿಂದ ಜಾರುತ್ತಲೇ ಇರುತ್ತಿತ್ತು, ಮಾತಿನ ನಡುವೆ ಅದನ್ನು ಮೇಲಕ್ಕೆಳೆದುಕೊಳ್ಳುತ್ತಲೇ ಇರುತ್ತಿದ್ದರು. ಹುಟ್ಟಿನಿಂದ ಬಂದದ್ದೇನೋ ಅಂದುಕೊಂಡಿದ್ದೆ. ಒಮ್ಮೆ ಕೇಳಿಯೂಬಿಟ್ಟೆ. ನಕ್ಕರು.

“ಚಾಕಣದಾಗ ನಳದ ನೀರು ಮ್ಯಾಲ ಏರ್ತಿರಲಿಲ್ಲ ತಂಗಿ. ಅದರ ಬದಲಿ ನಾ ಏರ್ತಿದ್ದೆ. ಬಲಗೈಲೆ ಗ್ವಾಡಿ ಹಿಡೀಬೇಕಲ್ಲ, ಕೊಡ ಎಡಕ್ಕ.”

ಅವರನ್ನು ಎಲ್ಲರೂ ವೈನಿ ಎಂದೇ ಕರೆಯುತ್ತಿದ್ದರು. ಅವರ ಗಂಡ ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಕೈಕೆಳಗಿನ ಹುಡುಗರು ಮರಾಠಿಯಲ್ಲಿ ‘ವಹಿನಿ’, ಅಂದರೆ ಅತ್ತಿಗೆ, ಎನ್ನುತ್ತಿದ್ದದ್ದು ಅವರಿದ್ದ ಇಡೀ ಕಟ್ಟಡಕ್ಕೆ ಹಬ್ಬಿತ್ತು. ತಿಪಟೂರಿನ ಕಡೆಯಿಂದ ಬಂದ ನನಗೆ ಆ ಪದ ಬಾಯಿಗೆ ಹತ್ತಲಿಲ್ಲ. ಮೊದಮೊದಲು ಅತ್ತಿಗೆ ಎಂದೆ. “ಹಂಗ ಕರದ್ರ ನನ್ನ ಹಿಂದ ಯಾರೋ ನಿಂತಾರ ಅನಸ್ತದ” ಎಂದರು. ವಯಸ್ಸಿನಲ್ಲಿ ನನ್ನ ತಾಯಿಗಿಂತ ದೊಡ್ಡವರು. ಆದರೂ ನನಗೂ ವೈನಿಯೇ ಆದರು.

ನಾನು ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿ ಸೇರಿ, ಅವರ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಾಗ ಅವರ ಗಂಡ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮೆಟ್ಟಿಲಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಬಾಗಿಲು ತೆರೆದು, ನಾನು ಮುಗಿಸುವವರೆಗೂ ಕಾದು, “ಇನ್ನೂ ಸ್ವಲ್ಪ ಮಾತಾಡು, ಕಿವಿಗೆ ಛಲೋ ಅನಸ್ತದ” ಅಂದರು. ಅವರು ವಿಜಯಪುರದ ಕಡೆಯವರು. ನನ್ನ ಕನ್ನಡಕ್ಕೂ ಅವರ ಕನ್ನಡಕ್ಕೂ ಬಹಳ ದೂರ. ಆ ಊರಲ್ಲಿ ಅಷ್ಟು ದೂರ ಲೆಕ್ಕಕ್ಕೆ ಬರಲಿಲ್ಲ.

ಒಂದು ಬೇಸಿಗೆಯಲ್ಲಿ ಮಾಲೀಕರು ಕಟ್ಟಡ ಕೆಡವಿ ದೊಡ್ಡದು ಕಟ್ಟುತ್ತೇವೆಂದು ವೈನಿಯೂ ಸೇರಿ ಬಾಡಿಗೆಯವರೆಲ್ಲರಿಗೂ ಬಿಡಲು ಹೇಳಿದರು. ಅದೇ ಹೊತ್ತಿಗೆ ನನ್ನನ್ನು ನಗರದೊಳಗಿನ ವಿನ್ಯಾಸ ಕಚೇರಿಗೆ ಹಾಕಿದರು. ವೈನಿಗೆ ಒಬ್ಬನೇ ಮಗ. ಪುಣೆಯ ಖರಾಡಿಯಲ್ಲಿ ಎತ್ತರದ ಕಟ್ಟಡವೊಂದರಲ್ಲಿ ಫ್ಲಾಟ್ ತೆಗೆದುಕೊಂಡು ಹೆಂಡತಿಯೊಡನೆ ಇದ್ದ. ಒಳ್ಳೆಯ ಹುಡುಗ. ತಾಯಿಯನ್ನು ಕರೆದೊಯ್ಯಲು ಕಾರು ತೆಗೆದುಕೊಂಡೇ ಬಂದಿದ್ದ. ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ.

“ಅವ್ವಾ, ನನ್ನ ಮನಿ ಇರಬೇಕಾದ್ರ ನಿನಗ ಬ್ಯಾರೆ ಮನಿ ಯಾಕ?”

“ಹುಟ್ಟಿದ ಊರು ನಮ್ಮಪ್ಪಂದು,” ಎಂದರು ವೈನಿ. “ಚಾಕಣ ನಿಮ್ಮಪ್ಪನ ಕಂಪನೀದು. ಖರಾಡಿ ನಿಂದು. ಒಮ್ಮೆ ನಾ ಆರಿಸಿದ ಜಾಗಾದಾಗ ಇದ್ದು ನೋಡ್ತೀನಿ. ನಿನ್ನ ಮ್ಯಾಲ ಸಿಟ್ಟಿಲ್ಲಪ್ಪಾ.”

ಮಗ ಕಾರಿನ ಕೀಲಿ ಕಿಸೆಗೆ ಹಾಕಿಕೊಂಡ. ಆಮೇಲೆ, “ಎಲ್ಲಿ ಹುಡುಕ್ತಿ?” ಎಂದ.

“ಪುಣೆ ದೊಡ್ಡದದ,” ಎಂದು ನನ್ನ ಕಡೆ ನೋಡಿದರು. “ಇಕೀನೂ ಹುಡಕಬೇಕಲ್ಲ.”

ಹೀಗೆ ನಮ್ಮ ಭಾನುವಾರಗಳು ಶುರುವಾದವು. ನಾನು ಫೋನಿನಲ್ಲಿ ಮನೆಗಳ ಚಿತ್ರ ತೋರಿಸಿದರೆ ವೈನಿ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವರದು ಬೇರೆಯೇ ಪದ್ಧತಿ. ಒಂದು ಬಟ್ಟೆಯ ಚೀಲದಲ್ಲಿ ಸ್ವಲ್ಪ ಜೋಳ ಹಾಕಿಕೊಂಡು ಹೊರಡುತ್ತಿದ್ದರು. ಯಾವ ಪೇಟೆಯಲ್ಲಿ ಬಸ್ಸಿಳಿದರೂ ಮೊದಲು ಕೇಳುತ್ತಿದ್ದದ್ದು ಹಿಟ್ಟಿನ ಗಿರಣಿ ಎಲ್ಲಿ ಎಂದು. ಜೋಳ ಬೀಸಲು ಕೊಟ್ಟು, ಸಾಲಿನಲ್ಲಿ ನಿಂತ ಹೆಂಗಸರ ನಡುವೆ ಸೇರಿಕೊಳ್ಳುತ್ತಿದ್ದರು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ರಾತ್ರಿ ಒಬ್ಬರೇ ನಡೆದು ಬರಬಹುದೇ, ಹೊಸಬರು ಬಂದರೆ ಮಾತಾಡಿಸುತ್ತಾರೋ ಇಲ್ಲವೋ ಎಲ್ಲವನ್ನೂ ಮರಾಠಿಯಲ್ಲಿ ಮೆಲ್ಲಗೆ ಕೇಳುತ್ತಿದ್ದರು. ಕೆಲವೊಮ್ಮೆ ಅವರ ಮಾತಿಗೆ ಕಿವಿಗೊಟ್ಟು ನಿಂತಿರುತ್ತಿದ್ದರು.

“ಮನಿ ಮಾಲಕ ತನ್ನ ಮನೀನ ಹೊಗಳ್ತಾನ. ಗಿರಣ್ಯಾಗ ನಿಂತವರಿಗೆ ಹೊಗಳೋ ಕೆಲಸ ಇರೂದಿಲ್ಲ,” ಎನ್ನುತ್ತಿದ್ದರು.

ವಾಕಡದ ಹೊಸ ಕಟ್ಟಡಗಳ ಕಡೆ ನನ್ನ ಸಹೋದ್ಯೋಗಿಗಳೆಲ್ಲ ಇದ್ದರೆಂದು ಅಲ್ಲಿಗೂ ಹೋದೆವು. ಗಿರಣಿ ಎಲ್ಲಿ ಎಂದು ಕೇಳಿದ್ದಕ್ಕೆ ಕಾವಲುಗಾರ, ಇಲ್ಲಿ ಎಲ್ಲರೂ ಫೋನಿನಲ್ಲೇ ಹಿಟ್ಟು ತರಿಸುತ್ತಾರೆ ಎಂದ. ವೈನಿ ಕತ್ತೆತ್ತಿ ಕಟ್ಟಡವನ್ನು ತುದಿಯವರೆಗೂ ನೋಡಿದರು. “ಭಾಳ ಸ್ವಚ್ಛ ಅದ,” ಎಂದರು. “ಆದ್ರ ಯಾರನ್ನ ಕೇಳೂದು?” ಚೀಲವನ್ನು ಹಾಗೇ ವಾಪಸ್ ತಂದೆವು.

ಅವರ ಮನಸ್ಸಿನಲ್ಲಿದ್ದದ್ದು ಹಳೆಯ ಪುಣೆಯ ಸದಾಶಿವ ಪೇಠ. ಮದುವೆಯಾದ ಹೊಸದರಲ್ಲಿ ಗಂಡ ಒಮ್ಮೆ ಅಲ್ಲಿ ಸೀರೆ ಕೊಡಿಸಿದ್ದರಂತೆ. ಇಕ್ಕಟ್ಟಾದ ಬೀದಿ, ನಡುವೆ ಅಂಗಳವಿರುವ ಹಳೆಯ ವಾಡೆಮನೆಗಳ ಮರದ ಬಾಗಿಲು, ಟ್ಯೂಷನ್ನಿಗೆ ಓಡುವ ಮಕ್ಕಳು ಅವರಿಗೆ ಆವಾಗಿನಿಂದ ಇಷ್ಟ. ಒಂದು ವಾಡೆಯಲ್ಲಿ ಹಿಂಬದಿಯ ಎರಡು ಕೋಣೆ ಖಾಲಿ ಇದ್ದವು. ಅಂಗಳದಲ್ಲಿ ನಳ, ನಳದ ಪಕ್ಕ ದಾಸವಾಳ. ಆ ಅಂಗಳಕ್ಕೆ ಕಾಲಿಟ್ಟೊಡನೆ ವೈನಿಯ ನಡಿಗೆ ನಿಧಾನವಾದದ್ದನ್ನು ನಾನು ನೋಡಿದೆ.

ವಯಸ್ಸಾದ ಮಾಲೀಕರು ಮರ್ಯಾದಸ್ಥರು. ನೀರು ತರಿಸಿ ಕೊಟ್ಟು, “ಏಕಟ್ಯಾ ರಾಹಣಾರ?” ಎಂದು ಕೇಳಿದರು. ಒಬ್ಬರೇ ಇರುತ್ತೀರಾ ಎಂದು.

ಹೌದು ಎಂದರು ವೈನಿ.

ಮಾಲೀಕರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ಹೇಳಿದರು: ತಪ್ಪು ತಿಳಿಯಬೇಡಿ, ಈ ವಯಸ್ಸಿನಲ್ಲಿ ಒಬ್ಬರೇ ಅಂದರೆ ಕಷ್ಟ, ನಾಳೆ ಏನಾದರೂ ಆದರೆ ಓಡಾಡುವವರು ಯಾರು, ನಮಗೂ ವಯಸ್ಸಾಯಿತು. ವೈನಿ ನೀರು ಪೂರ್ತಿ ಕುಡಿದು, ಖರೆ ಅದ ಎನ್ನುವಂತೆ ತಲೆಯಾಡಿಸಿ, ನಮಸ್ಕಾರ ಮಾಡಿ ಹೊರಬಂದರು. ಬೀದಿಯ ತಿರುವಿನಲ್ಲಿ ಒಂದು ಪುಸ್ತಕದಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸ್ಕೂಟರುಗಳು ಮೈಗೆ ತಾಗುವಂತೆ ಹೋಗುತ್ತಿದ್ದವು.

“ಸಾಯಲಿಕ್ಕೆ ಮನಿ ಹುಡಕಲಿಕ್ಕತ್ತೀನಿ ಅಂತ ತಿಳಕೊಂಡಾರ ಅವರು,” ಎಂದರು. “ನಾ ಇರಲಿಕ್ಕೆ ಹುಡಕಲಿಕ್ಕತ್ತೀನಿ.”

ನನ್ನ ಕಥೆಯೂ ಬೇರೆ ಇರಲಿಲ್ಲ. ಮದುವೆಯಾಗದ ಹುಡುಗಿ ಒಬ್ಬಳೇ ಎಂದೊಡನೆ ಮಾಲೀಕರ ಮುಖ ಬದಲಾಗುತ್ತಿತ್ತು. ಯಾರು ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತೀ ಎಂದು ಒಬ್ಬಾಕೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುತ್ತಿದ್ದಾಗ ವೈನಿ ನನ್ನ ಕೈ ಹಿಡಿದು, “ನಡಿ ತಂಗಿ, ಇವರ ಮನ್ಯಾಗ ಗಾಳಿ ಇಲ್ಲ” ಎಂದು ಎಳೆದುಕೊಂಡು ಬಂದಿದ್ದರು. ಆ ದಿನ ಬಸ್ಸಿನಲ್ಲಿ ನಾನೇ ಕೇಳಿದೆ: “ವೈನಿ, ನಾವಿಬ್ರೂ ಒಂದೇ ಮನೆ ಮಾಡಿದ್ರೆ?”

ಎರಡು ಸ್ಟಾಪು ದಾಟಿದ ಮೇಲೆ, “ನನಗ ನಸೀಕಿಲೆ ಏಳೋ ರೂಢಿ ಅದ. ಭಾಂಡೆ ಸಪ್ಪಳ ಆಗ್ತದ,” ಎಂದರು. ಅದೇ ಒಪ್ಪಿಗೆ.

ಪುಣೆಯ ದಕ್ಷಿಣದ ಅಂಚಿನಲ್ಲಿರುವ ಕಾತ್ರಜದ ಆ ಓಣಿ ನಮಗೆ ಸಿಕ್ಕಿದ್ದೂ ಗಿರಣಿಯಿಂದಲೇ. ಬೆಂಗಳೂರು ಹೆದ್ದಾರಿಯಿಂದ ಒಳಗೆ ಸರಿದ ಒಂದು ಏರು ಬೀದಿ, ಸಾಧಾರಣ ಮನೆಗಳು. ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ಯಾರದೋ ಬಾಣಂತನಕ್ಕೆಂದು ಹಿಟ್ಟು ಬೀಸಿಸಿ ಒಯ್ಯುತ್ತಿದ್ದಳು. ನಿಮ್ಮ ಮಗಳದೇ ಎಂದು ವೈನಿ ಕೇಳಿದರು. ಅಲ್ಲ, ಎದುರು ಮನೆಯ ಬಾಡಿಗೆಯವಳದು, ಅವಳಿಗೆ ತಾಯಿ ಇಲ್ಲ ಎಂದಳು ಆಕೆ. ವೈನಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಇಲ್ಲೇ ನೋಡೂಣು” ಎಂದರು.

ಮೇಲಿನ ಮಹಡಿ ಖಾಲಿ ಇದ್ದ ಮನೆಯ ಒಡತಿ ಕೆಳಗೇ ಇರುತ್ತಿದ್ದರು. ದಪ್ಪ ಕನ್ನಡಕದ ಮರಾಠಿ ಅಜ್ಜಿ, ಅವರೂ ಗಂಡನನ್ನು ಕಳೆದುಕೊಂಡವರು. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ನೀವಿಬ್ಬರೂ ಪರಸ್ಪರ ಏನಾಗಬೇಕು ಎಂದು ಕೇಳಿದರು. ನಾನು ಚಿಕ್ಕಮ್ಮ ಎನ್ನಲು ಬಾಯಿ ತೆರೆದಿದ್ದೆ. ವೈನಿ ಮೊದಲೇ ಮರಾಠಿಯಲ್ಲಿ ಹೇಳಿಬಿಟ್ಟರು:

“ಏನೂ ಆಗಬೇಕಿಲ್ಲ. ಇಬ್ಬರಿಗೂ ಯಾರೂ ಮನೆ ಕೊಡುತ್ತಿಲ್ಲ, ಅದೇ ಸಂಬಂಧ.”

ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕರಾರುಪತ್ರ ಸಂಬಳವಿದ್ದ ನನ್ನ ಹೆಸರಿನಲ್ಲಾಯಿತು. ಮುಂದಿನ ವಾರ ನಾವು ಅಲ್ಲಿದ್ದೆವು.

ಆ ಮನೆಯಲ್ಲಿ ನೀರು ಮೇಲಕ್ಕೆ ತಾನೇ ಏರುತ್ತಿತ್ತು. ಮೊದಲ ಬೆಳಿಗ್ಗೆ ವೈನಿ ಅಡುಗೆಮನೆಯ ನಳ ತಿರುಗಿಸಿ, ಬೊಗಸೆಯೊಡ್ಡಿ ಸುಮ್ಮನೆ ನಿಂತಿದ್ದರು. ಹೊಸದಾಗಿ ಒಂದು ಸಂಜೆಯ ರೂಢಿ ಮಾಡಿಕೊಂಡರು. ಹೆದ್ದಾರಿಯ ಬದಿಗೆ ಹೋಗಿ ಕಲ್ಲುಕಟ್ಟೆಯ ಮೇಲೆ ಕೂರುವುದು, ಕರ್ನಾಟಕದ ಬಸ್ಸುಗಳು ಬಂದರೆ ಬೋರ್ಡು ಓದುವುದು. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ. ತುಟಿ ಅಲ್ಲಾಡಿಸುತ್ತ, ಶಾಲೆಯ ಮಕ್ಕಳ ಹಾಗೆ ಅಕ್ಷರ ಕೂಡಿಸಿ ಓದುತ್ತಿದ್ದರು. ಊರಿಗೆ ಹೋಗಬೇಕು ಅನಿಸುತ್ತದೆಯೇ ಎಂದು ಕೇಳಿದೆ.

“ಹೋಗಬೇಕಂತಲ್ಲ,” ಎಂದರು. “ಏಳನೇತ್ತೆ ತನಕ ಕನ್ನಡ ಸಾಲಿ ಕಲ್ತಿದ್ದೆ. ಚಾಕಣದಾಗ ಓದಲಿಕ್ಕೆ ಏನೂ ಇರಲಿಲ್ಲ.”

ಸಂಕ್ರಾಂತಿ ಬಂತು. ಮನೆಮನೆಯಲ್ಲೂ ಅರಿಶಿನ ಕುಂಕುಮ, ಎಳ್ಳುಬೆಲ್ಲ. ಗಂಡ ತೀರಿಕೊಂಡ ವರ್ಷ ಚಾಕಣದಲ್ಲಿ, ತಾವು ಇಪ್ಪತ್ತು ವರ್ಷ ಕುಂಕುಮ ಹಚ್ಚಿದ ಮನೆಗಳವರು ತಮ್ಮ ಬಾಗಿಲು ದಾಟಿಕೊಂಡು ಹೋದದ್ದನ್ನು ವೈನಿ ಒಮ್ಮೆ ಹೇಳಿದ್ದರು. ಅಂದು ಸಂಜೆ ಆಗುವ ಮೊದಲೇ ಬಾಗಿಲು ಹಾಕಿಕೊಂಡು, ತಲೆನೋವು ಎಂದು ಮಲಗಿದರು. ಸ್ವಲ್ಪ ಹೊತ್ತಿಗೆ ಕೆಳಗಿನ ಅಜ್ಜಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಂದು ಬಾಗಿಲು ಬಡಿದರು.

“ವಹಿನಿ, ಇಳಿಯಿರಿ. ನಾನೂ ಅಂಗಳದಲ್ಲಿ ಕೂತಿಲ್ಲವೇ? ನಮ್ಮ ಓಣಿಯಲ್ಲಿ ಎಲ್ಲರೂ ಕೂರುತ್ತಾರೆ.”

ವೈನಿ ಇಳಿದರು. ಹೆಂಗಸರು ಅವರನ್ನು ಅಂಗಳದಲ್ಲಿ ಜಮಖಾನೆಯ ಮೇಲೆ ತಮ್ಮ ನಡುವೆ ಕೂರಿಸಿಕೊಂಡರು. ಹೊಸ ಸೊಸೆಯೊಬ್ಬಳು ಮೊದಲು ಅವರ ಕೈಗೇ ಎಳ್ಳುಂಡೆ ಇಟ್ಟು ಕಾಲು ಮುಟ್ಟಿದಳು. ವೈನಿ ಆ ಉಂಡೆಯನ್ನು ಬಾಯಿಗೆ ಹಾಕಿಕೊಳ್ಳಲಾಗದೆ ಬಹಳ ಹೊತ್ತು ಮುಷ್ಟಿಯಲ್ಲೇ ಹಿಡಿದಿದ್ದರು. ಮೇಲೆ ಬಂದ ಮೇಲೆ ನನಗೆ ಬೆನ್ನು ಹಾಕಿ ಭಾಂಡೆ ತೊಳೆಯುತ್ತ, “ನಾ ಛಲೋ ಆರಿಸೀನಿ ತಂಗಿ, ಹೌದಲ್ಲ?” ಎಂದರು. ಹೌದು ವೈನಿ ಎಂದೆ. ಅವರು ಮತ್ತೊಮ್ಮೆ ಕೇಳಿದರು, ನಾನು ಮತ್ತೊಮ್ಮೆ ಹೌದು ಎಂದೆ.

ಆ ಓಣಿಯಲ್ಲಿ ಅವರಿಗೆ ಸಿಕ್ಕಿದ್ದು ಎರಡು ವರ್ಷವೂ ಅಲ್ಲ.

ಒಂದು ಬೆಳಿಗ್ಗೆ ನಾನು ಕಚೇರಿಯಲ್ಲಿದ್ದಾಗ ಅಜ್ಜಿಯ ಫೋನು ಬಂತು. ಬೀದಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದ ವೈನಿ ಹಾಗೇ ಕುಸಿದಿದ್ದರು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಓಣಿಯ ಹೆಂಗಸರು ರಿಕ್ಷಾದಲ್ಲಿ ತಂದು ದಾಖಲು ಮಾಡಿ, ಮಗನಿಗೂ ತಿಳಿಸಿದ್ದರು. ಒಬ್ಬಳು ಅವರ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಲಕ್ವ ಹೊಡೆದಿತ್ತು. ಬಲಭಾಗ ಹೋಗಿತ್ತು, ಮಾತು ಹೋಗಿತ್ತು.

ಮಗ ಅವರನ್ನು ಖರಾಡಿಗೆ ಕರೆದೊಯ್ದ. ಅದು ಸರಿಯೇ. ನೋಡಿಕೊಳ್ಳುವ ದಾದಿ, ವ್ಯಾಯಾಮ ಮಾಡಿಸಲು ಬರುವವರು, ಲಿಫ್ಟು ಎಲ್ಲವೂ ಅಲ್ಲಿದ್ದವು. ನಮ್ಮ ಮೆಟ್ಟಿಲನ್ನು ಅವರು ಇನ್ನು ಹತ್ತುವಂತಿರಲಿಲ್ಲ. ಭಾನುವಾರಗಳಲ್ಲಿ ನಾನು ಹೋಗಿ ಕೂರುತ್ತಿದ್ದೆ. ಎತ್ತರದ ಕಿಟಕಿಯಿಂದ ಬರೀ ಆಕಾಶ, ಬೇರೆ ಕಟ್ಟಡಗಳ ನೆತ್ತಿ. ಸೊಸೆ ಪ್ರೀತಿಯಿಂದ ಗಂಜಿ ಕುಡಿಸುತ್ತಿದ್ದಳು. ಯಾರದೂ ಏನೂ ತಪ್ಪಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಶಬ್ದ ಬಂತು. ತುಟಿ ಸೊಟ್ಟ ಮಾಡಿ, ಕಷ್ಟಪಟ್ಟು, “ಮನಿ” ಎಂದರು.

ಮಗ ಮಂಚದ ಪಕ್ಕ ಮಂಡಿಯೂರಿ, “ಇದ ನಿನ್ನ ಮನಿ ಅವ್ವಾ,” ಎಂದ.

ವೈನಿ ಅವನ ಮುಖ ನೋಡಿದರು. ಎಡಗೈಯಿಂದ ಅವನ ಕೆನ್ನೆ ಸವರಿದರು. ಆ ಶಬ್ದವನ್ನು ಮತ್ತೆ ಆಡಲಿಲ್ಲ. ಆದರೆ ಅವನಿಗೆ ಅರ್ಥವಾಗಿತ್ತು. ನನ್ನನ್ನು ಲಿಫ್ಟಿನವರೆಗೂ ಬಿಡಲು ಬಂದಾಗ, “ದೀಪಾವಳಿಗೆ ಒಂದು ದಿನ ಕಾತ್ರಜಕ್ಕ ಕರ್ಕೊಂಡ ಬರ್ತೀನ್ರಿ. ಕುರ್ಚ್ಯಾಗ ಕೂಡಿಸಿ ನಾಕ ಮಂದಿ ಎತ್ತಿದ್ರ ಆತು,” ಎಂದ. ನಾನು ಓಣಿಯಲ್ಲಿ ಹೇಳಿದೆ. ಹೆಂಗಸರು ಯಾರು ಯಾರು ಏನು ಮಾಡಿಕೊಂಡು ಬರಬೇಕೆಂದು ಮಾತಾಡಿಕೊಂಡರು. ಅಜ್ಜಿ ನಮ್ಮ ಕೋಣೆಗೆ ಸುಣ್ಣ ಹೊಡೆಸಿದರು.

ದೀಪಾವಳಿಗೆ ಇನ್ನೂ ಕೆಲವು ದಿನಗಳಿದ್ದವು. ಒಂದು ಬೆಳಿಗ್ಗೆ ಗಂಜಿ ಕುಡಿದು ಮಲಗಿದ ವೈನಿ ಏಳಲಿಲ್ಲ.

ಸುದ್ದಿ ಕೇಳಿ ನಾನು ಖರಾಡಿಗೆ ಓಡಿದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಗೇಟಿನಿಂದ ಅಜ್ಜಿಯ ಫೋನು. ಓಣಿಯ ಹೆಂಗಸರೆಲ್ಲ ಎರಡು ಬಸ್ಸು ಬದಲಾಯಿಸಿ ಬಂದಿದ್ದರು, ಮನೆಯಲ್ಲಿ ಉಡುವ ಸೀರೆಯಲ್ಲೇ. ಕಾವಲುಗಾರ ಒಳಗೆ ಬಿಡುತ್ತಿರಲಿಲ್ಲ. ಯಾರ ಮನೆ, ಹೆಸರೇನು ಎಂದರೆ ಅವರೆಲ್ಲ “ವಹಿನಿ” ಎನ್ನುತ್ತಿದ್ದರು. ಬೇರೆ ಹೆಸರು ಅವರಿಗೆ ಗೊತ್ತಿರಲಿಲ್ಲ. ನಾನು ಕೆಳಗಿಳಿದು ಹೋಗಿ ವೈನಿಯ ನಿಜವಾದ ಹೆಸರು ಹೇಳಿದೆ. ಅಜ್ಜಿ ಅದನ್ನು ತಮ್ಮಷ್ಟಕ್ಕೆ ಒಮ್ಮೆ ಉಚ್ಚರಿಸಿ ನೋಡಿದರು.

“ಇಷ್ಟು ಜನಾನಾ? ನೀವೆಲ್ಲ ಅವರಿಗೆ ಏನಾಗಬೇಕು?” ಎಂದ ಕಾವಲುಗಾರ.

“ಶೇಜಾರಿ,” ಎಂದರು ಅಜ್ಜಿ. ನೆರೆಯವರು.

ಅಷ್ಟರಲ್ಲಿ ಮಗನೇ ಬರಿಗಾಲಲ್ಲಿ ಇಳಿದು ಬಂದ. ಎಲ್ಲರಿಗೂ ಕೈಮುಗಿದು ಮೇಲಕ್ಕೆ ಕರೆದೊಯ್ದ. ಬೆಳಗಿನಿಂದ ಅವನು ಅತ್ತಿರಲಿಲ್ಲ. ಫೋನು ಮಾಡುತ್ತ, ಬಂದವರಿಗೆ ಕುರ್ಚಿ ಹಾಕುತ್ತ ಓಡಾಡುತ್ತಿದ್ದ. ಹೆಂಗಸರು ವೈನಿಯ ಸುತ್ತ ಕೂತರು. ಒಬ್ಬಳು ಕೂದಲು ಬಾಚಿದಳು, ಒಬ್ಬಳು ಸೆರಗು ಸರಿಮಾಡಿದಳು. ಅವನು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದ. ಆಮೇಲೆ ಅಜ್ಜಿಯ ಪಕ್ಕ ಬಂದು ಕೂತು ಮರಾಠಿಯಲ್ಲಿ ಮೆಲ್ಲಗೆ ಕೇಳಿದ: “ನಮ್ಮವ್ವ ನಿಮ್ಮಲ್ಲಿ ಹೇಗಿದ್ದಳು?”

ಅಜ್ಜಿ ಯೋಚಿಸಲಿಲ್ಲ. “ನಗುತ್ತಿದ್ದರು,” ಎಂದರು. “ಎಷ್ಟು ಜೋರಾಗಿ ಅಂದರೆ, ಕೆಳಗೆ ನನಗೆ ಕೇಳಿಸುತ್ತಿತ್ತು.”

ಅವನು ನನ್ನ ಕಡೆ ತಿರುಗಿದ. “ಖರೇನಾ?” ಎಂದ. “ನಾ ಆಕಿ ಜೋರಾಗಿ ನಕ್ಕಿದ್ದು ಕೇಳೇ ಇಲ್ರಿ.”

ಖರೆ ಎಂದೆ. ಆಗ ಅವನು ಗೋಡೆಗೆ ಒರಗಿ, ಮುಖ ಮುಚ್ಚಿಕೊಂಡು ಅತ್ತ. ಕೂದಲು ಬಾಚುತ್ತಿದ್ದಾಕೆ ಬಾಚಣಿಗೆ ಬದಿಗಿಟ್ಟು, ಎದ್ದು ಬಂದು, ಅವನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.